ಕೈಯಲ್ಲಿ ವೋಚರ್ ಇದೆ, ಮನೆ ಕೊಡುವವರಿಲ್ಲ

(ನ್ಯೂಜೆರ್ಸಿಯ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಸಭಾಂಗಣದಲ್ಲಿ ಕುಳಿತಿರುವ ಅನೇಕರಿಗೆ ತಾವು ವಾಸಿಸುವ ಮನೆಯಲ್ಲದೆ ಇನ್ನೊಂದು ಮನೆಯೂ ಇದೆ. ಎಡಿಸನ್‌ನಲ್ಲಿ ಮೊದಲು ಕೊಂಡ ಟೌನ್‌ಹೌಸ್, ಜೆರ್ಸಿ ಸಿಟಿಯಲ್ಲಿ ಮದುವೆಗೆ ಮುಂಚೆ ಕೊಂಡ ಕಾಂಡೊ. ಈಗ ಅದು ಬಾಡಿಗೆಗಿದೆ. ಹಾಗಾಗಿ ಸರ್ಕಾರದ ಬಾಡಿಗೆ ಸಹಾಯದ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದಾಗ, ಅದನ್ನು ಪಡೆಯುವುದು ಹೇಗೆ ಎಂದಷ್ಟೇ ಹೇಳಿ ಮುಗಿಸಬಾರದು ಎನಿಸಿತು. ಮನೆ ಬಾಡಿಗೆಗೆ ಕೊಡುವವರ ಜೊತೆಗೂ ಮಾತನಾಡಬೇಕು. ಏಕೆಂದರೆ ಈ ಯೋಜನೆಯಲ್ಲಿ ಸರ್ಕಾರ ಹಣ ಕೊಡುತ್ತದೆ, ಮನೆ ಕೊಡುವುದಿಲ್ಲ. ಮನೆ ಕೊಡಬೇಕಾದವರು ನಮ್ಮಂಥವರು.

‘ಸೆಕ್ಷನ್ 8’ ಎಂಬ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಆ ಮಾತನ್ನು ಜನ ತಗ್ಗಿದ ದನಿಯಲ್ಲಿ ಆಡುವುದನ್ನೂ ಕೇಳಿದ್ದೀರಿ. ಅದು ಒಂದು ಕಾನೂನಿನ ಎಂಟನೆಯ ಕಲಮು, ಅಷ್ಟೇ. 1937ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ವಸತಿ ಕಾಯ್ದೆ ತಂದು ಬಡವರಿಗಾಗಿ ಮನೆಗಳನ್ನು ಕಟ್ಟಲು ಹಣ ಕೊಡತೊಡಗಿತು. ಕಟ್ಟಿದ ಮನೆಗಳಲ್ಲಿ ಎಷ್ಟೋ ಚೆನ್ನಾಗಿಯೇ ನಡೆದವು, ಇವತ್ತಿಗೂ ಜನ ಅಲ್ಲಿದ್ದಾರೆ. ಆದರೆ ದೇಶದ ನೆನಪಿನಲ್ಲಿ ಉಳಿದದ್ದು ಸೇಂಟ್ ಲೂಯಿಸ್ ನಗರದ ಪ್ರೂಯಿಟ್-ಐಗೋ. ಹನ್ನೊಂದು ಅಂತಸ್ತಿನ 33 ಕಟ್ಟಡಗಳು, 1954ರಲ್ಲಿ ಜನ ಬಂದು ನೆಲೆಸಿದರು. 1972ರಲ್ಲಿ ಅವುಗಳನ್ನು ಸ್ಫೋಟಿಸಿ ಉರುಳಿಸುವ ಕೆಲಸ ಶುರುವಾಯಿತು. ಕಟ್ಟಡಗಳ ನಿರ್ವಹಣೆಗೆ ಹಣವಿಲ್ಲದೆ, ಲಿಫ್ಟ್ ಕೆಟ್ಟು, ನೀರಿನ ಕೊಳವೆ ಒಡೆದು, ಇದ್ದವರೆಲ್ಲ ಬಿಟ್ಟು ಹೋಗುವ ಸ್ಥಿತಿ ಬಂದಿತ್ತು. 1973ರ ಜನವರಿಯಲ್ಲಿ ನಿಕ್ಸನ್ ಸರ್ಕಾರ ಹೊಸ ವಸತಿ ಅನುದಾನಗಳನ್ನೇ ತಡೆಹಿಡಿಯಿತು. 1974ರ ಆಗಸ್ಟಿನಲ್ಲಿ, ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾದ ಕೆಲವೇ ದಿನಗಳಲ್ಲಿ, 1937ರ ಕಾಯ್ದೆಯ ಎಂಟನೆಯ ಕಲಮನ್ನು ಹೊಸದಾಗಿ ಬರೆದ ಕಾನೂನಿಗೆ ಸಹಿ ಬಿತ್ತು. ಅದರ ಆಲೋಚನೆ ಇದು: ಸರ್ಕಾರವೇ ಕಟ್ಟಡ ಕಟ್ಟಿ ಬಡವರನ್ನು ಒಂದೇ ಕಡೆ ತುಂಬುವ ಬದಲು, ಅವರು ಊರಿನಲ್ಲಿ ತಮಗೆ ಬೇಕಾದ ಖಾಸಗಿ ಮನೆ ಹುಡುಕಿಕೊಳ್ಳಲಿ, ಬಾಡಿಗೆಯಲ್ಲಿ ಅವರ ಕೈಗೆಟುಕದ ಪಾಲನ್ನು ಸರ್ಕಾರ ಕಟ್ಟಲಿ. ಆಮೇಲೆ ಎಂಬತ್ತರ ದಶಕದಲ್ಲಿ ವೋಚರ್ ಬಂತು, ಅಂದರೆ ಬಾಡಿಗೆಯ ಒಂದು ಪಾಲನ್ನು ಸರ್ಕಾರ ಕಟ್ಟುತ್ತದೆ ಎಂಬ ಪತ್ರ. 1998ರ ಕಾನೂನು 1974ರ ಪದ್ಧತಿಯನ್ನೂ ಈ ವೋಚರನ್ನೂ ಒಂದುಗೂಡಿಸಿತು. ಇವತ್ತು ಸುಮಾರು 23 ಲಕ್ಷ ಕುಟುಂಬಗಳು ಈ ವೋಚರ್ ಹಿಡಿದು ಬದುಕುತ್ತಿವೆ. ಅವರಲ್ಲಿ ಬಹುಪಾಲು ವೃದ್ಧರು, ಅಂಗವಿಕಲರು, ಮಕ್ಕಳಿರುವ ಮನೆಗಳವರು. ಕೆಲಸ ಮಾಡಲು ಶಕ್ತರಾದವರಲ್ಲಿ ಹೆಚ್ಚಿನವರು ಕೆಲಸ ಮಾಡುತ್ತಲೇ ಇದ್ದಾರೆ, ಆ ಸಂಬಳ ಬಾಡಿಗೆಗೆ ಸಾಲುವುದಿಲ್ಲ.

ಲೆಕ್ಕ ಕಷ್ಟವೇನಲ್ಲ. 1969ರಲ್ಲಿ ಮೆಸಾಚುಸೆಟ್ಸ್‌ನ ಸೆನೆಟರ್ ಎಡ್ವರ್ಡ್ ಬ್ರೂಕ್ ಒಂದು ತಿದ್ದುಪಡಿ ತಂದರು: ಸರ್ಕಾರಿ ಮನೆಯಲ್ಲಿರುವ ಬಡ ಕುಟುಂಬ ತನ್ನ ಆದಾಯದ ಶೇ 25ಕ್ಕಿಂತ ಹೆಚ್ಚು ಬಾಡಿಗೆ ಕೊಡಬೇಕಾಗಿಲ್ಲ ಎಂದು. 1981ರಲ್ಲಿ ರೇಗನ್ ಕಾಲದಲ್ಲಿ ಅದು ಶೇ 30 ಆಯಿತು. ವೋಚರಿನಲ್ಲಿಯೂ ಇದೇ ಅಳತೆ. ಒಂದು ಉದಾಹರಣೆ ತೆಗೆದುಕೊಳ್ಳಿ. ತಾಯಿ, ಇಬ್ಬರು ಮಕ್ಕಳು. ಮಕ್ಕಳ ಹೆಸರಿನಲ್ಲಿ ಸಿಗುವ ಕಡಿತಗಳೆಲ್ಲ ಹೋಗಿ ತಿಂಗಳ ಆದಾಯ 2,000 ಡಾಲರ್ ಎಂದುಕೊಳ್ಳೋಣ. ಅದರ ಶೇ 30 ಎಂದರೆ 600. ಆ ಊರಿನಲ್ಲಿ ಎರಡು ಕೋಣೆಯ ಮನೆಗೆ ಹೌಸಿಂಗ್ ಅಥಾರಿಟಿ (ವೋಚರ್ ಕೊಡುವ ಸ್ಥಳೀಯ ವಸತಿ ಸಂಸ್ಥೆ) ಒಪ್ಪಿದ ಮಟ್ಟ 2,000 ಡಾಲರ್ ಇದ್ದರೆ, ತಾಯಿ 600 ಕೊಡುತ್ತಾಳೆ, ಉಳಿದ 1,400 ಅಥಾರಿಟಿಯಿಂದ ನೇರವಾಗಿ ಮಾಲೀಕರ ಖಾತೆಗೆ ಬರುತ್ತದೆ. ಬಾಡಿಗೆ 2,150 ಇದ್ದರೆ ಹೆಚ್ಚಿನ 150 ಆಕೆಯದೇ, ಅಂದರೆ 750. ಅಲ್ಲಿಯವರೆಗೆ ನಡೆಯುತ್ತದೆ. 2,300ರ ಮನೆ ಹುಡುಕಿದರೆ ಆಕೆಯ ಪಾಲು 900, ಆದಾಯದ ಶೇ 45. ಇದಕ್ಕೆ ಅನುಮತಿ ಇಲ್ಲ. ಹೊಸದಾಗಿ ಮನೆ ಹಿಡಿಯುವಾಗ ಶೇ 40 ದಾಟುವಂತಿಲ್ಲ. ವಿದ್ಯುತ್ತು, ಗ್ಯಾಸ್ ಬಾಡಿಗೆದಾರರೇ ಕಟ್ಟಬೇಕಾಗಿದ್ದರೆ ಅದೂ ಈ ಲೆಕ್ಕದೊಳಗೆ ಬರುತ್ತದೆ. ಹಾಗಾಗಿ ಜಾಹೀರಾತಿನ ಬಾಡಿಗೆ ಮಾತ್ರ ನೋಡಿ ಮನೆ ಹುಡುಕಬಾರದು. ಯಾವ ಬಿಲ್ಲು ಯಾರ ತಲೆಯ ಮೇಲೆ ಎಂದು ಮೊದಲೇ ಕೇಳಬೇಕು. ಮನೆ ಹುಡುಕುವವರು ಬೇಸತ್ತು ಕೈಚೆಲ್ಲುವುದು ಬಹಳ ಸಲ ಇಲ್ಲಿಯೇ.

ಇಲ್ಲಿ ಇನ್ನೊಂದು ಮಾತು. ಒಪ್ಪಂದದ ಬಾಡಿಗೆಯ ಮೇಲೆ ‘ತಿಂಗಳಿಗೆ ಇನ್ನೂರು ಕೈಗೆ ಕೊಡು’ ಎಂದು ಮಾಲೀಕರು ಕೇಳುವುದು ಕಾನೂನುಬಾಹಿರ. ಕೇಳುವವರಿದ್ದಾರೆ. ಕೊಡುವವರೂ ಇದ್ದಾರೆ, ಮನೆ ಕೈತಪ್ಪುತ್ತದೆ ಎಂಬ ಹೆದರಿಕೆಯಿಂದ.

ಈ ವೋಚರ್ ಸಿಗುವುದು ಯಾರಿಗೆ? ಆ ಪ್ರದೇಶದ ಮಧ್ಯಮ ಆದಾಯದ ಅರ್ಧಕ್ಕಿಂತ ಕಡಿಮೆ ಇರುವವರಿಗೆ. ಹೊಸ ವೋಚರುಗಳಲ್ಲಿ ಮುಕ್ಕಾಲು ಪಾಲು ಅದಕ್ಕಿಂತಲೂ ಕೆಳಗಿನ, ಶೇ 30ರ ಆಸುಪಾಸಿನವರಿಗೆ ಹೋಗಬೇಕೆಂಬ ನಿಯಮವಿದೆ. ಆದರೆ ಅರ್ಹತೆ ಇದ್ದ ಮಾತ್ರಕ್ಕೆ ಸಿಗುವುದಿಲ್ಲ. ಆಹಾರ ಸಹಾಯದ ಕಾರ್ಡ್ ಅರ್ಹರೆಲ್ಲರಿಗೂ ಸಿಗುತ್ತದೆ. ವೋಚರ್ ಹಾಗಲ್ಲ, ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಎಷ್ಟಕ್ಕೆ ಹಣ ಕೊಡುತ್ತದೋ ಅಷ್ಟೇ. ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕೇಂದ್ರದ ಬಾಡಿಗೆ ಸಹಾಯ ದೊರೆಯುತ್ತದೆ. ಉಳಿದ ಮೂವರು ಕಾಯುವ ಪಟ್ಟಿಯಲ್ಲಿ, ಇಲ್ಲವೇ ಪಟ್ಟಿಯ ಹೊರಗೆ. ನದಿಯಾಚೆ ನ್ಯೂಯಾರ್ಕ್ ನಗರದಲ್ಲಿ ಸುಮಾರು ಹದಿನೈದು ವರ್ಷ ಮುಚ್ಚಿದ್ದ ಪಟ್ಟಿಯನ್ನು 2024ರ ಜೂನ್‌ನಲ್ಲಿ ಒಂದು ವಾರ ತೆರೆದರು. ಆರು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಲಾಟರಿ ಎತ್ತಿ ಎರಡು ಲಕ್ಷ ಮಂದಿಯನ್ನು ಪಟ್ಟಿಗೆ ಸೇರಿಸಿದರು. ಗಮನಿಸಿ, ಪಟ್ಟಿಗೆ ಸೇರಿಸಿದ್ದು ಅಷ್ಟೇ, ವೋಚರ್ ಕೊಟ್ಟದ್ದಲ್ಲ.

ಹೀಗೆ ವರ್ಷಗಟ್ಟಲೆ ಕಾದು ಒಂದು ದಿನ ಕಾಗದ ಕೈಗೆ ಬರುತ್ತದೆ. ಆಗ ಶುರುವಾಗುತ್ತದೆ ಇನ್ನೊಂದು ಗಡಿಯಾರ. ಮನೆ ಹುಡುಕಲು ಕನಿಷ್ಠ 60 ದಿನ ಕೊಡುತ್ತಾರೆ. ಕೇಳಿಕೊಂಡರೆ ಅನೇಕ ಕಡೆ ವಿಸ್ತರಿಸುತ್ತಾರೆ. ಆ ಅವಧಿಯಲ್ಲಿ ಸಿಗದಿದ್ದರೆ ವೋಚರ್ ವಾಪಸ್ಸು, ಮತ್ತೆ ಸಾಲಿನ ತುದಿಗೆ. ದೇಶದಲ್ಲಿ ವೋಚರ್ ಸಿಕ್ಕವರಲ್ಲಿ ಹತ್ತಕ್ಕೆ ಆರು ಮಂದಿ ಮಾತ್ರ ಅದನ್ನು ಬಳಸಿ ಮನೆ ಹಿಡಿಯಲು ಶಕ್ತರಾಗುತ್ತಾರೆ. ನನ್ನನ್ನು ಈ ಕೆಲಸಕ್ಕೆ ಎಳೆದದ್ದು ಈ ಒಂದು ಸಂಗತಿ. ಸರ್ಕಾರ ಹಣ ಎತ್ತಿಟ್ಟಿದೆ, ಕುಟುಂಬ ಅರ್ಹ ಎಂದು ತೀರ್ಮಾನವಾಗಿದೆ, ಊರಿನಲ್ಲಿ ಖಾಲಿ ಮನೆಗಳಿವೆ; ಆದರೂ ನಾಲ್ವರು ಬರಿಗೈಯಲ್ಲಿ ಹಿಂದಿರುಗುತ್ತಾರೆ.

ನಾನು ಗ್ರಂಥಾಲಯದಲ್ಲಿ ಕುಳಿತು ಇಂಥವರಿಗೆ ಫೋನು ಮಾಡಲು, ಅರ್ಜಿ ತುಂಬಲು ನೆರವಾಗುತ್ತೇನೆ. ವೃದ್ಧರ ಆರೈಕೆಯ ಕೆಲಸ ಮಾಡುವ ಒಬ್ಬ ತಾಯಿ ಜೊತೆಗಿದ್ದರು. ಒಂದು ನೋಟ್‌ಬುಕ್ಕಿನಲ್ಲಿ ಅವರು ಗೆರೆ ಹಾಕಿ ಅಂಕಣ ಮಾಡಿದ್ದರು: ವಿಳಾಸ, ಬಾಡಿಗೆ, ಹೀಟಿಂಗ್ ಯಾರದು, ಬಸ್ಸು ಎಷ್ಟು ದೂರ, ಕೊನೆಯದು ‘ಏನೆಂದರು’. ಕರೆ ಮಾಡುವಾಗ ಮೊದಲ ಅರ್ಧ ನಿಮಿಷ ಎಲ್ಲ ಸರಿಯಾಗಿಯೇ ಹೋಗುತ್ತದೆ. ಮನೆ ಖಾಲಿ ಇದೆ, ಶನಿವಾರ ಬಂದು ನೋಡಿ. ಆಮೇಲೆ ಅವರು ವೋಚರ್ ಎನ್ನುತ್ತಾರೆ. ಆ ಕಡೆ ಒಂದು ಕ್ಷಣ ಮೌನ. ನಂತರ, ‘ಅದು ಹೋಗಿಬಿಟ್ಟಿದೆ ಎನಿಸುತ್ತದೆ, ವಿಚಾರಿಸಿ ಹೇಳುತ್ತೇನೆ.’ ಕೊನೆಯ ಅಂಕಣದಲ್ಲಿ ಅವರು ಒಂದೇ ಮಾತನ್ನು ಪುಟದುದ್ದಕ್ಕೂ ಬರೆದಿದ್ದರು: ವಿಚಾರಿಸಿ ಹೇಳುತ್ತಾರಂತೆ. ಮುಂದಿನ ವಾರ ಅದೇ ಮನೆಗಳ ಜಾಹೀರಾತು ಹಾಗೆಯೇ ಇತ್ತು.

ಇದು ಒಬ್ಬರ ಅದೃಷ್ಟದ ಮಾತಲ್ಲ. ಅರ್ಬನ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಕಡೆ ಮಾಲೀಕರಿಗೆ ಕರೆ ಮಾಡಿ ಪರೀಕ್ಷಿಸಿದ್ದರು. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಶೇ 78 ಮಾಲೀಕರು ವೋಚರ್ ಬೇಡ ಎಂದರು, ಲಾಸ್ ಏಂಜಲೀಸ್‌ನಲ್ಲಿ ಶೇ 76, ಫಿಲಡೆಲ್ಫಿಯಾದಲ್ಲಿ ಶೇ 67. ನಮ್ಮ ನ್ಯೂವಾರ್ಕ್‌ನಲ್ಲಿ ಶೇ 31, ವಾಷಿಂಗ್ಟನ್ ಡಿಸಿಯಲ್ಲಿ ಶೇ 15. ಈ ವ್ಯತ್ಯಾಸಕ್ಕೆ ದೊಡ್ಡ ಕಾರಣ ಕಾನೂನು. ವೋಚರ್ ಇರುವವರನ್ನು ನಿರಾಕರಿಸಬಾರದೆಂದು ಕೇಂದ್ರದ ಕಾನೂನು ಹೇಳುವುದಿಲ್ಲ. ರಾಜ್ಯಗಳು, ನಗರಗಳು ಹೇಳಿದರೆ ಉಂಟು. ಟೆಕ್ಸಸ್ ಅಂತೂ ಹಾಗೆ ಹೇಳದಂತೆ ತನ್ನ ನಗರಗಳನ್ನೇ ತಡೆದಿದೆ. ಕಾನೂನು ಇದ್ದ ಮಾತ್ರಕ್ಕೆ ಸಾಲದು ಎಂಬುದಕ್ಕೆ ಫಿಲಡೆಲ್ಫಿಯಾ ಸಾಕ್ಷಿ. ಅಲ್ಲಿ ನಿಷೇಧವಿದ್ದೂ ಮೂರರಲ್ಲಿ ಇಬ್ಬರು ಬೇಡವೆಂದರು.

ನ್ಯೂಜೆರ್ಸಿಯಲ್ಲಿ ಇದು ಸ್ಪಷ್ಟವಾಗಿ ನಿಷಿದ್ಧ. 1999ರಲ್ಲಿಯೇ ಈ ರಾಜ್ಯದ ಸುಪ್ರೀಂ ಕೋರ್ಟ್ ಮುಂದೆ ಒಂದು ಪ್ರಕರಣ ಬಂದಿತ್ತು. ಈಗಾಗಲೇ ಬಾಡಿಗೆಗಿದ್ದವರೊಬ್ಬರಿಗೆ ವೋಚರ್ ದೊರೆತಾಗ ಕಟ್ಟಡದ ಮಾಲೀಕರು ಅದನ್ನು ಸ್ವೀಕರಿಸಲು ಒಪ್ಪಲಿಲ್ಲ. ಒಪ್ಪಲೇಬೇಕು ಎಂದಿತು ನ್ಯಾಯಾಲಯ. ಇಂದು ರಾಜ್ಯದ ತಾರತಮ್ಯ ವಿರೋಧಿ ಕಾನೂನಿನಲ್ಲಿ ಬಾಡಿಗೆ ಕಟ್ಟುವ ಹಣದ ಮೂಲವೂ ಜನಾಂಗ, ಧರ್ಮ, ಬಣ್ಣಗಳ ಸಾಲಿನಲ್ಲಿಯೇ ಇದೆ. ‘ಸೆಕ್ಷನ್ 8 ಬೇಡ’ ಎಂದು ಜಾಹೀರಾತಿನಲ್ಲಿ ಹಾಕಿದರೂ ತಪ್ಪು. ಹಾಗೆಯೇ, ಬಾಡಿಗೆಯ ಮೂರು ಪಟ್ಟು ಸಂಬಳ ಇರಬೇಕು ಎಂಬ ಷರತ್ತನ್ನು ಪೂರ್ತಿ ಬಾಡಿಗೆಗೆ ಹಾಕಿ ಲೆಕ್ಕ ಮಾಡುವಂತಿಲ್ಲ. ಬಾಡಿಗೆದಾರರು ತಾವು ಕೊಡುವ ಪಾಲಿಗೆ ಮಾತ್ರ ಅದು ಅನ್ವಯ. ಈಗ ಹೇಳಿದ ಉದಾಹರಣೆಯಲ್ಲಿ 600 ಡಾಲರಿಗೆ, 2,000ಕ್ಕಲ್ಲ. ಇದು ತಿಳಿಯದೆ ‘ನಿಮ್ಮ ಸಂಬಳ ಸಾಲದು’ ಎಂದು ಹೇಳಿ ಕಳುಹಿಸುವ ಮಾಲೀಕರು ನಮ್ಮ ನಡುವೆಯೂ ಇದ್ದಾರೆ.

ನಮ್ಮವರಿಗೆ ಈ ನಿರಾಕರಣೆ ಹೊಸದಲ್ಲ. ಬೆಂಗಳೂರಿನಲ್ಲಿ ಟು-ಲೆಟ್ ಬೋರ್ಡ್ ನೋಡಿ ಗೇಟು ತಟ್ಟಿದವರಿಗೆ ಗೊತ್ತು: ಊಟ ಯಾವುದು, ಯಾವ ಪೈಕಿ, ಮದುವೆಯಾಗಿದೆಯೇ. ಇಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಬಾಬಾಸಾಹೇಬ್ ಅಂಬೇಡ್ಕರ್, ಲಂಡನ್ನಿನ ಮೂಲಕ ಭಾರತಕ್ಕೆ ಮರಳಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರು. ಅಧಿಕಾರವಿತ್ತು, ಸಂಬಳವಿತ್ತು, ಇರಲು ಮನೆ ಇರಲಿಲ್ಲ. ಪಾರ್ಸಿ ತಂಗುದಾಣವೊಂದರಲ್ಲಿ ಗುರುತು ಮರೆಸಿಕೊಂಡು ಕೆಲವು ದಿನ ಇದ್ದರು. ಕೋಲು ಹಿಡಿದ ಗುಂಪು ಬಂದು ಹೊರಹಾಕಿತು. ಇರಲು ಜಾಗ ಕೊಡುವವರು ಯಾರೂ ಸಿಗದೆ ಉದ್ಯಾನದಲ್ಲಿ ಕುಳಿತಿದ್ದು ಮುಂಬಯಿಗೆ ಹಿಂದಿರುಗಿದರು. ಹಣವಿದ್ದೂ ಬಾಗಿಲು ತೆರೆಯದಿರುವುದು ಏನೆಂಬುದನ್ನು ನಮ್ಮ ದೇಶದ ಅತ್ಯಂತ ದೊಡ್ಡ ವಿದ್ವಾಂಸರೊಬ್ಬರು ತಮ್ಮ ಮೈಮೇಲೆ ಅನುಭವಿಸಿದ್ದಾರೆ. ಅಮೆರಿಕದ ಕರಿಯ ಜನರಿಗೆ ಇದೇ ಆಗಿದೆ, ಬಹಳ ಕಾಲ ಆಗಿದೆ. ವೋಚರಿಗೆ ಹೇಳುವ ‘ಬೇಡ’ದೊಳಗೆ ಆ ಹಳೆಯ ‘ಬೇಡ’ವೂ ಸೇರಿಕೊಂಡಿದೆ ಎಂದು ನಾನು ನಂಬಿದ್ದೇನೆ.

ಹಾಗೆಂದು ಮಾಲೀಕರ ಅಂಜಿಕೆಗಳೆಲ್ಲ ಸುಳ್ಳಲ್ಲ. ತಪಾಸಣೆ ಇದೆ, ನಿಜ. ಮನೆಗೆ ಬರುವ ಇನ್‌ಸ್ಪೆಕ್ಟರ್ ಏನು ನೋಡುತ್ತಾರೆ? ಹೊಗೆ ಎಚ್ಚರಿಕೆಯ ಅಲಾರಂ ಕೂಗುತ್ತದೆಯೇ, ಕಿಟಕಿಗೆ ಚಿಲಕ ಬೀಳುತ್ತದೆಯೇ, ಬಿಸಿನೀರು ಬರುತ್ತದೆಯೇ, ಸಾಲಾಗಿ ನಾಲ್ಕು ಮೆಟ್ಟಿಲಿದ್ದ ಕಡೆ ಹಿಡಿಕೆಯ ಕಂಬಿ ಇದೆಯೇ, 1978ಕ್ಕಿಂತ ಮೊದಲು ಕಟ್ಟಿದ ಮನೆಯಲ್ಲಿ ಪುಟ್ಟ ಮಕ್ಕಳಿರುವುದಾದರೆ ಗೋಡೆಯ ಬಣ್ಣ ಎಲ್ಲಾದರೂ ಎದ್ದಿದೆಯೇ. ಆ ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಮಗು ಆ ಚಕ್ಕೆಯನ್ನು ಬಾಯಿಗೆ ಹಾಕಿಕೊಂಡರೆ ಮಿದುಳಿಗೆ ಹಾನಿ. ಈ ಪಟ್ಟಿಯಲ್ಲಿ ನಿಮ್ಮ ಸ್ವಂತ ಮಕ್ಕಳಿಗೆ ಬೇಡವೆನಿಸುವಂಥದ್ದು ಯಾವುದಿದೆ ಹೇಳಿ. ಆದರೆ ತಡವಾಗುವುದು ನಿಜವಾದ ತೊಂದರೆ. ಕಾಗದ ಪತ್ರ, ಬಾಡಿಗೆ ಅಕ್ಕಪಕ್ಕದ ಮನೆಗಳಿಗೆ ಸಮನಾಗಿದೆಯೇ ಎಂಬ ಪರಿಶೀಲನೆ, ತಪಾಸಣೆ, ಒಪ್ಪಂದಕ್ಕೆ ಸಹಿ, ಇಷ್ಟೆಲ್ಲ ಮುಗಿಯುವವರೆಗೆ ಮನೆ ಖಾಲಿ ಬಿದ್ದಿರುತ್ತದೆ. ಹೌಸಿಂಗ್ ಅಥಾರಿಟಿಗಳು ಇದನ್ನು ಚುರುಕುಗೊಳಿಸದೆ ಮಾಲೀಕರನ್ನಷ್ಟೇ ದೂರಿ ಫಲವಿಲ್ಲ. ನಿಮಗೆ ಕೆಟ್ಟ ಅನುಭವವಾಗಿದ್ದರೆ ಅದನ್ನು ಅಥಾರಿಟಿಗೆ ಬರೆದು ತಿಳಿಸಿ. ಆ ಸಿಟ್ಟನ್ನು ಮುಂದೆ ಬರುವ ಬಾಡಿಗೆದಾರರ ಮೇಲೆ ತೀರಿಸಿಕೊಳ್ಳಬೇಡಿ.

ಯಾವ ಊರಿನಲ್ಲಿ ಮನೆ ಸಿಗುತ್ತದೆ ಎಂಬುದು ಏಕೆ ಇಷ್ಟು ಮುಖ್ಯ? ಇದನ್ನು ನಿಮಗೆ ವಿವರಿಸಬೇಕಾಗಿಲ್ಲ. ನಾವೆಲ್ಲ ಮನೆ ಕೊಂಡದ್ದು ಶಾಲೆ ನೋಡಿ. ಪ್ಲೇನ್ಸ್‌ಬರೋ, ವೆಸ್ಟ್ ವಿಂಡ್ಸರ್ ಎಂದು ಹುಡುಕಿದ್ದು ಅದಕ್ಕೇ. 1994ರಿಂದ 98ರವರೆಗೆ ಹಡ್, ಅಂದರೆ ಕೇಂದ್ರದ ವಸತಿ ಇಲಾಖೆ, ಬಾಲ್ಟಿಮೋರ್, ಬಾಸ್ಟನ್, ಶಿಕಾಗೊ, ಲಾಸ್ ಏಂಜಲೀಸ್, ನ್ಯೂಯಾರ್ಕ್‌ಗಳಲ್ಲಿ ಸುಮಾರು 4,600 ಕುಟುಂಬಗಳೊಂದಿಗೆ ಒಂದು ಪ್ರಯೋಗ ನಡೆಸಿತು. ಚೀಟಿ ಎತ್ತಿ ಕೆಲವರಿಗೆ ಬಡತನ ಕಡಿಮೆ ಇರುವ ಬಡಾವಣೆಗೆ ಮಾತ್ರ ಸಲ್ಲುವ ವೋಚರ್ ಕೊಟ್ಟರು. ಮೊದಮೊದಲು ದೊಡ್ಡವರ ಸಂಪಾದನೆಯಲ್ಲಿ ಏನೂ ಬದಲಾವಣೆ ಕಾಣಲಿಲ್ಲ, ಯೋಜನೆ ಸೋತಿತು ಎಂದರು. ಮಕ್ಕಳು ಬೆಳೆದ ಮೇಲೆ, 2015ರಲ್ಲಿ, ರಾಜ್ ಚೆಟ್ಟಿ, ನಥಾನಿಯಲ್ ಹೆಂಡ್ರನ್, ಲಾರೆನ್ಸ್ ಕಾಟ್ಜ್ ಎಂಬ ಅರ್ಥಶಾಸ್ತ್ರಜ್ಞರು ತೆರಿಗೆ ದಾಖಲೆಗಳನ್ನು ತೆರೆದು ನೋಡಿದರು. ಹದಿಮೂರು ತುಂಬುವುದರೊಳಗೆ ಒಳ್ಳೆಯ ಬಡಾವಣೆಗೆ ಹೋದ ಮಕ್ಕಳು ಇಪ್ಪತ್ತರ ನಡುವಯಸ್ಸಿನಲ್ಲಿ ಇತರರಿಗಿಂತ ಶೇ 31 ಹೆಚ್ಚು ಗಳಿಸುತ್ತಿದ್ದರು. ಕಾಲೇಜಿಗೆ ಹೋದವರೂ ಹೆಚ್ಚು.

ಹಾಗಾದರೆ ಜನ ಅಂಥ ಕಡೆ ಏಕೆ ಹೋಗುವುದಿಲ್ಲ, ತಮ್ಮವರ ನಡುವೆಯೇ ಇರಲು ಬಯಸುತ್ತಾರೆಯೇ? ಸಿಯಾಟಲ್‌ನಲ್ಲಿ ಇದನ್ನೂ ಪರೀಕ್ಷಿಸಿದರು. ಕೆಲವು ಕುಟುಂಬಗಳಿಗೆ ಮನೆ ಹುಡುಕಲು ಜೊತೆಗೊಬ್ಬ ಸಹಾಯಕರನ್ನು ಕೊಟ್ಟರು, ಮಾಲೀಕರೊಂದಿಗೆ ಮಾತನಾಡಿಸಿದರು, ಡಿಪಾಸಿಟ್ಟಿಗೆ ಸ್ವಲ್ಪ ಹಣ ಹೊಂದಿಸಿದರು. ಆ ಗುಂಪಿನಲ್ಲಿ ಶೇ 53 ಮಂದಿ ಮಕ್ಕಳ ಏಳಿಗೆಗೆ ಅನುಕೂಲವಾದ ಬಡಾವಣೆ ಸೇರಿದರು. ಸಹಾಯವಿಲ್ಲದ ಗುಂಪಿನಲ್ಲಿ ಶೇ 15. ವೋಚರಿನ ಮೊತ್ತ ಎರಡೂ ಗುಂಪಿಗೆ ಒಂದೇ. ನಾನು ಗ್ರಂಥಾಲಯಕ್ಕೆ ಹೋಗಿ ಕೂರುವುದು ಈ ಎರಡು ಅಂಕಿಗಳನ್ನು ನಂಬಿ.

ಮನೆ ಹುಡುಕುತ್ತಿರುವವರು ಈ ಸಭೆಯಲ್ಲಿದ್ದರೆ, ಅಥವಾ ನಿಮ್ಮ ಪರಿಚಯದಲ್ಲಿದ್ದರೆ, ಕೆಲವು ಮಾತು. ಒಂದೇ ಅಥಾರಿಟಿಯ ಪಟ್ಟಿಗೆ ಜೋತು ಬೀಳಬೇಡಿ. ಬೇರೆ ಊರಿನ, ಬೇರೆ ಕೌಂಟಿಯ ಪಟ್ಟಿ ತೆರೆದಾಗಲೂ ಅರ್ಜಿ ಹಾಕಿ. ವೋಚರನ್ನು ಒಂದು ಊರಿನಿಂದ ಇನ್ನೊಂದಕ್ಕೆ, ರಾಜ್ಯದಿಂದ ರಾಜ್ಯಕ್ಕೂ ಒಯ್ಯಬಹುದು, ಮೊದಲ ವರ್ಷ ಕೆಲವು ನಿರ್ಬಂಧಗಳಿರುತ್ತವೆ ಅಷ್ಟೇ. ವಿಳಾಸ, ಫೋನ್ ನಂಬರ್ ಬದಲಾದರೆ ಆ ವಾರವೇ ತಿಳಿಸಿ. ಹಳೆಯ ವಿಳಾಸಕ್ಕೆ ಹೋದ ಪತ್ರಕ್ಕೆ ಉತ್ತರ ಬರಲಿಲ್ಲವೆಂದು ವರ್ಷಗಳ ಕಾಯುವಿಕೆ ಅಳಿಸಿಹೋಗುತ್ತದೆ. ಅರ್ಜಿಗೆ ಶುಲ್ಕವಿಲ್ಲ. ಹಣ ಕೊಟ್ಟರೆ ಪಟ್ಟಿಯಲ್ಲಿ ಮೇಲೆ ತರುತ್ತೇನೆ ಎನ್ನುವವರು ಮೋಸಗಾರರು. ವೋಚರಿಗಾಗಿಯೇ ಕಾಯುತ್ತ ಕೂರದೆ, ತೆರಿಗೆ ವಿನಾಯಿತಿಯ ಮೇಲೆ ಕಟ್ಟಿದ ಕಡಿಮೆ ಬಾಡಿಗೆಯ ಕಟ್ಟಡಗಳನ್ನೂ ವಿಚಾರಿಸಿ. ಅವುಗಳಿಗೆ ಬೇರೆಯೇ ಪಟ್ಟಿ. ರಾಜ್ಯದ ಸುಪ್ರೀಂ ಕೋರ್ಟ್ 1975ರಿಂದ ಕೊಟ್ಟ ಮೌಂಟ್ ಲಾರೆಲ್ ತೀರ್ಪುಗಳಿಂದಾಗಿ ನ್ಯೂಜೆರ್ಸಿಯ ಪ್ರತಿ ಪಟ್ಟಣವೂ ತನ್ನ ಪಾಲಿನ ಕೈಗೆಟುಕುವ ಮನೆಗಳಿಗೆ ಜಾಗ ಕೊಡಬೇಕು. ಪಟ್ಟಣದ ಕಚೇರಿಯಲ್ಲಿ ಕೇಳಿದರೆ ಅವು ಎಲ್ಲಿವೆ ಎಂದು ಹೇಳುತ್ತಾರೆ. ತುರ್ತು ಇದ್ದರೆ 211 ಸಹಾಯವಾಣಿಗೆ ಕರೆ ಮಾಡಿ. ಇನ್ನು ಡಿಪಾಸಿಟ್: ಈ ರಾಜ್ಯದಲ್ಲಿ ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಅಷ್ಟನ್ನು ಹೊಂದಿಸುವುದೂ ಈ ಕುಟುಂಬಗಳಿಗೆ ಬೆಟ್ಟದಂತೆ. ವೋಚರ್ ಸಾಮಾನ್ಯವಾಗಿ ಅದನ್ನು ಭರಿಸುವುದಿಲ್ಲ. ನಮ್ಮ ಸಂಘ ಏನಾದರೂ ನಿಧಿ ಕೂಡಿಸುವುದಾದರೆ ಇದಕ್ಕೆ ಕೂಡಿಸಲಿ ಎಂದು ನನ್ನ ಕೋರಿಕೆ.

ಪ್ರಶ್ನೋತ್ತರದಲ್ಲಿ ಒಬ್ಬ ಯುವಕರು, ಎಚ್-1ಬಿ ವೀಸಾದಲ್ಲಿರುವವರು ಕೆಲಸ ಹೋದಾಗ ಅರ್ಜಿ ಹಾಕಬಹುದೇ ಎಂದು ಕೇಳಿದರು. ಇಲ್ಲ. ಪೌರರು, ಗ್ರೀನ್ ಕಾರ್ಡ್ ಇರುವವರು, ನಿರಾಶ್ರಿತರು, ಆಶ್ರಯ ಪಡೆದವರು ಮತ್ತು ಇಂಥ ಕೆಲವು ವರ್ಗದವರಿಗೆ ಮಾತ್ರ. ಕುಟುಂಬದಲ್ಲಿ ಒಂದು ಮಗು ಪೌರನಾಗಿದ್ದು ಉಳಿದವರಿಗೆ ಅರ್ಹತೆ ಇಲ್ಲದಿದ್ದರೆ, ಸಹಾಯವನ್ನು ಅದೇ ಪ್ರಮಾಣದಲ್ಲಿ ಕಡಿಮೆ ಮಾಡಿ ಕೊಡುವ ನಿಯಮವಿದೆ.

ಇನ್ನೊಬ್ಬರು, ‘ಅಪ್ಪ ಅಮ್ಮ ಗ್ರೀನ್ ಕಾರ್ಡ್ ಮೇಲೆ ಬಂದಿದ್ದಾರೆ, ಅವರು ಬೇರೆ ಮನೆ ಮಾಡಿಕೊಂಡರೆ?’ ಎಂದರು. ಹಾಕಬಹುದು. ಆದರೆ ನಿಮ್ಮೊಂದಿಗೇ ಇದ್ದರೆ ಇಡೀ ಮನೆಯ ಆದಾಯ ಲೆಕ್ಕಕ್ಕೆ ಬರುತ್ತದೆ. ಬೇರೆ ಇದ್ದರೂ ನೀವು ತಿಂಗಳು ತಿಂಗಳು ಕೊಡುವ ಹಣ ಅವರ ಆದಾಯವೇ. 62 ದಾಟಿದವರಿಗಾಗಿ ಸೆಕ್ಷನ್ 202 ಎಂಬ ಪ್ರತ್ಯೇಕ ವಸತಿಗಳಿವೆ, ಅಲ್ಲಿಯೂ ವಿಚಾರಿಸಿ. ಅವರನ್ನು ಕರೆಸಿಕೊಳ್ಳುವಾಗ ಪೋಷಿಸುತ್ತೇನೆಂದು ನೀವು ಸಹಿ ಮಾಡಿದ ಪತ್ರವೂ ಇದೆ. ಅರ್ಜಿಗೆ ಮುಂಚೆ ವಲಸೆ ವಕೀಲರೊಬ್ಬರನ್ನು ಕಂಡುಬಿಡಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು, ನನಗೆ ಬೇಕಾಗಿದ್ದ ಪ್ರಶ್ನೆಯೂ ಅದೇ: ‘ಬಾಡಿಗೆದಾರರ ಕೆಲಸವೇ ಹೋದರೆ ಮಾಲೀಕರ ಗತಿ ಏನು?’ ಬೇರೆ ಯಾವುದೇ ಬಾಡಿಗೆದಾರರ ಕೆಲಸ ಹೋದರೆ ನಿಮಗೆ ಬರಬೇಕಾದ ಪೂರ್ತಿ 2,000 ಡಾಲರ್ ಅನುಮಾನಕ್ಕೆ ಬೀಳುತ್ತದೆ. ವೋಚರ್ ಇರುವ ತಾಯಿ ಕೆಲಸ ಕಳೆದುಕೊಂಡರೆ ಅಥಾರಿಟಿಗೆ ತಿಳಿಸುತ್ತಾಳೆ, ಅವರು ಆಕೆಯ ಪಾಲನ್ನು ಮತ್ತೆ ಲೆಕ್ಕ ಹಾಕುತ್ತಾರೆ. 600 ಇದ್ದದ್ದು 200ಕ್ಕೆ ಇಳಿಯಬಹುದು, ಆಗ ಅಥಾರಿಟಿಯ ಪಾಲು 1,800ಕ್ಕೆ ಏರುತ್ತದೆ. ಮರುಲೆಕ್ಕಕ್ಕೆ ಕೆಲವು ವಾರ ಬೇಕಾದೀತು, ಆ ನಡುವಿನ ತಿಂಗಳಲ್ಲಿ ಸ್ವಲ್ಪ ತಾಳ್ಮೆ ಬೇಕು. ಆಕೆ ತನ್ನ ಪಾಲನ್ನು ಕೊಡದೇ ಹೋದರೆ ಕರಾರಿನ ಪ್ರಕಾರ ಇತರರ ಮೇಲೆ ತೆಗೆದುಕೊಳ್ಳುವ ಕ್ರಮವನ್ನೇ ತೆಗೆದುಕೊಳ್ಳಲು ನಿಮಗೆ ಹಕ್ಕಿದೆ, ಹಾಗಾದರೆ ಆಕೆಯ ವೋಚರೂ ಹೋಗಬಹುದು. ವರ್ಷಗಟ್ಟಲೆ ಕಾದು ಪಡೆದದ್ದನ್ನು ಯಾರೂ ಸುಲಭಕ್ಕೆ ಕಳೆದುಕೊಳ್ಳುವುದಿಲ್ಲ. ನಿಮ್ಮ ಮನೆ ಮುಂದಿನ ತಿಂಗಳು ಖಾಲಿಯಾಗುವುದಿದ್ದರೆ ನಿಮ್ಮ ಊರಿನ ಹೌಸಿಂಗ್ ಅಥಾರಿಟಿಗೆ ಫೋನು ಮಾಡಿ, ಎರಡು ಕೋಣೆಯ ಮನೆಗೆ ಅವರು ಒಪ್ಪಿರುವ ಮಟ್ಟ ಎಷ್ಟು ಎಂದು ಕೇಳಿ, ಮನೆ ಇದೆ ಎಂದು ಹೇಳಿ.